ಹುಲ್ಲು ಸಾಕಿದ ಕತೆ

ಖೈತಾನಿನಲ್ಲಿ ನಮಗೊಂದು ಲಾನ್ ಇದೆ ಎಂದರೆ ಕುವೈತಿನಲ್ಲಿರುವ ಊರಿನವರು ಮೊದಲು ನಗುತ್ತಾರೆ. ಆಮೇಲೆ, ಇವನಿಗೇನಾದರೂ ಲಾಟರಿ ಹೊಡೆದಿರಬಹುದೇ ಎಂದು ಮುಖ ನೋಡುತ್ತಾರೆ. ನಗುವುದರಲ್ಲಿ ತಪ್ಪಿಲ್ಲ. ಹಳೇ ಖೈತಾನ್ ಎಂದರೆ ಭುಜಕ್ಕೆ ಭುಜ ತಾಗಿಸಿ ನಿಂತ ಕಟ್ಟಡಗಳು, ಕಿಟಕಿಗೊಂದರಂತೆ ನೇತಾಡುವ ಏಸಿಗಳು, ಎರಡು ಕಾರಿನ ಜಾಗದಲ್ಲಿ ನಿಂತ ಐದು ಕಾರುಗಳು, ಮೂಲೆಗೊಂದು ಬಕಾಲಾ ಎಂಬ ದಿನಸಿ ಅಂಗಡಿ, ಬಕಾಲಾದ ಎದುರಿಗೊಂದು ಕ್ಷೌರದಂಗಡಿ, ತಲೆಯ ಮೇಲೆ ಹತ್ತು ನಿಮಿಷಕ್ಕೊಂದು ವಿಮಾನ. ಹಸಿರು ನೋಡಬೇಕಾದರೆ ಒಂದೋ ಜಮಇಯ್ಯಾ ಎಂಬ ಸಹಕಾರಿ ಅಂಗಡಿಯ ತರಕಾರಿ ವಿಭಾಗಕ್ಕೆ ಹೋಗಬೇಕು, ಇಲ್ಲವೇ ಮಂಗಳೂರು ಕಡೆಯವರ ಬಾಲ್ಕನಿಯತ್ತ ಕತ್ತೆತ್ತಬೇಕು. ಅಲ್ಲಿ ಖಾಲಿಯಾದ ಎಣ್ಣೆ ಡಬ್ಬಿಯಲ್ಲಿ ಬಸಳೆ ಹಬ್ಬಿರುತ್ತದೆ. ಬಸಳೆ ಇರುವ ಬಾಲ್ಕನಿಯ ಮನೆಯವರು ಯಾರೆಂದು ಬಾಗಿಲಿನ ಹೆಸರು ಓದದೆಯೇ ಹೇಳಬಹುದು.

ಇನ್ನು, "ನಮಗೊಂದು ಲಾನ್" ಎಂದದ್ದೂ ಅರ್ಧ ಸುಳ್ಳು. ಲಾನ್ ಕಟ್ಟಡದ ಯಜಮಾನರದ್ದು. ಮುಂಬಾಗಿಲಿಗೂ ರಸ್ತೆಗೂ ನಡುವೆ ಹನ್ನೆರಡು ಅಡಿ ಅಗಲ, ಮೂವತ್ತು ಅಡಿ ಉದ್ದದ ಜಾಗ. ಎಲೆ ಹಾಕಿ ಊಟಕ್ಕೆ ಕುಳ್ಳಿರಿಸಿದರೆ ಮೂರು ಸಾಲು ಹಿಡಿದೀತು. ಬೇರೆ ಯಾರಾದರೂ ಆಗಿದ್ದರೆ ಇಂಟರ್‌ಲಾಕ್ ಹಾಸಿ ಕಾರು ನಿಲ್ಲಿಸುತ್ತಿದ್ದರು. ನಮ್ಮ ಯಜಮಾನರು ಕೆಂಪು ಮರಳು ತರಿಸಿ, ಚಾಪೆಯಂತೆ ಸುತ್ತಿದ ಹುಲ್ಲು ತರಿಸಿ ಹಾಸಿದ್ದರು. ಹುಲ್ಲುಹಾಸು ಎಂಬ ಕನ್ನಡ ಪದಕ್ಕೆ ಇಷ್ಟು ನಿಜವಾದ ಅರ್ಥವಿದೆ ಎಂದು ನನಗೆ ಗೊತ್ತಾದದ್ದು ಆವತ್ತು. ಇಬ್ಬರು ಆಳುಗಳು ಹಾಸಿಗೆ ಬಿಡಿಸಿದ ಹಾಗೆ ಅದನ್ನು ಬಿಡಿಸಿ, ಅಂಚನ್ನು ಒತ್ತಿ, ನೀರು ಬಿಟ್ಟು ಹೋದರು. ನಾನು ನೆಲಮಹಡಿಯ ಬಾಡಿಗೆದಾರ. ಕಿಟಕಿ ತೆರೆದರೆ ಹುಲ್ಲು ಕಾಣುತ್ತದೆ, ಅಷ್ಟೇ ನನ್ನ ಹಕ್ಕು. ಅದನ್ನು ನೋಡಿಕೊಳ್ಳುತ್ತಿದ್ದವನು ಕಟ್ಟಡದ ಹಾರಿಸ್, ಅಂದರೆ ಕಾವಲುಗಾರ, ಈಜಿಪ್ಟಿನವನು. ನೀಲ ನದಿಯ ದಡದಲ್ಲಿ ಹುಟ್ಟಿದವನಾದ್ದರಿಂದ ಹುಲ್ಲಿನ ಜೊತೆ ಅರಬಿಯಲ್ಲೇ ಮಾತಾಡುತ್ತಿದ್ದ. ಹುಲ್ಲೂ ಕೇಳುತ್ತಿತ್ತು.

2018ರ ಅಕ್ಟೋಬರ್ ಕೊನೆಗೆ ಹಾರಿಸ್ ಎರಡು ತಿಂಗಳ ರಜೆಯ ಮೇಲೆ ಊರಿಗೆ ಹೊರಟ. ಬದಲಿಗೆ ಬಂದ ಹುಡುಗನಿಗೆ ಕಸ ತೆಗೆಯುವುದು, ಲಿಫ್ಟಿನ ಬೀಗ, ನೀರಿನ ಮೋಟಾರು ಎಲ್ಲ ವಹಿಸಿದ. ಲಾನ್ ಮಾತ್ರ ನನಗೆ! ಅದಕ್ಕೆ ಕಾರಣ ಯಜಮಾನರು. ಅವರ ಅಜ್ಜ ಧೋ ಹಡಗಿನಲ್ಲಿ ಖರ್ಜೂರ ಹೇರಿಕೊಂಡು ನಮ್ಮ ಕರಾವಳಿಗೆ ಹೋಗಿ ಮರಮಟ್ಟು ತರುತ್ತಿದ್ದವರಂತೆ. ಆ ಅಜ್ಜ ಮೊಮ್ಮಕ್ಕಳಿಗೆ ಹೇಳಿದ ಕತೆಗಳಲ್ಲಿ ಮಂಗಳೂರು ಎಂದರೆ ಆಕಾಶದಿಂದ ಪುಕ್ಕಟೆ ನೀರು ಬೀಳುವ, ಕಲ್ಲಿನ ಮೇಲೂ ಹುಲ್ಲು ಹುಟ್ಟುವ ಊರು. ಹಾಗಾಗಿ ನಾನು ಕುಂದಾಪುರದ ಕಡೆಯವನು, ಆಫೀಸಿನಲ್ಲಿ ಲೆಕ್ಕ ಬರೆಯುವವನು ಎಂದು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. "ಮಂಗಲೂರ್! ನಿನಗೆ ಹುಲ್ಲು ಗೊತ್ತು, ಮಳೆ ಗೊತ್ತು. ಖಲಾಸ್," ಎಂದರು. ಬಾಡಿಗೆ ಏರಿಸಬಲ್ಲ ಮನುಷ್ಯನ ಹತ್ತಿರ ಹೆಚ್ಚು ವಾದ ಮಾಡಬಾರದು.

ನನಗೆ ಹುಲ್ಲು ಗೊತ್ತು ಎನ್ನುವುದು ಸುಳ್ಳಲ್ಲ. ಆದರೆ ನನಗೆ ಗೊತ್ತಿದ್ದದ್ದು ಅದನ್ನು ತೆಗೆಯುವ ಬಗೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಸುರಿಯುವ ಮಳೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್. ಅಷ್ಟು ನೀರು ಕುಡಿದ ನೆಲ ಸುಮ್ಮನಿರುತ್ತದೆಯೇ? ಅಂಗಳ, ಕಟ್ಟೆ, ಹಂಚಿನ ಸಂದು, ಬಾವಿಯ ಗೋಡೆ, ಆರು ತಿಂಗಳು ನಿಲ್ಲಿಸಿದ ಎತ್ತಿನ ಗಾಡಿ, ಎಲ್ಲದರ ಮೇಲೂ ಹಸಿರು. ಅಂಗಳದಲ್ಲಿ ಪಾಚಿ ಕಟ್ಟಿ, ಮನೆಗೆ ಬಂದ ನೆಂಟರು ನಮಸ್ಕಾರ ಮಾಡುವ ಮೊದಲೇ ಸಾಷ್ಟಾಂಗ ಬೀಳುತ್ತಿದ್ದರು. ಅದಕ್ಕೆಂದೇ ತೆಂಗಿನ ಗರಿಯೋ ಅಡಿಕೆ ದಬ್ಬೆಯೋ ಹಾಸಿ ದಾರಿ ಮಾಡಿಕೊಳ್ಳುತ್ತಿದ್ದೆವು. ನವರಾತ್ರಿ ಕಳೆದು ಮಳೆ ಹಿಂದೆಗೆದದ್ದೇ ತಡ, ಮನೆಮಂದಿಯೆಲ್ಲ ಕತ್ತಿ ಹಿಡಿದು ಹುಲ್ಲು ಹೆರೆಯಲು ಕೂರಬೇಕು. ಹೆರೆದಾದ ಮೇಲೆ ಕೆತ್ತಬೇಕು, ಕೆತ್ತಿದ ಮೇಲೆ ನೀರು ಹೊಡೆದು ಮಟ್ಟ ಮಾಡಿ, ಮರದ ಹಲಗೆಯಿಂದ ಬಡಿದು, ಸಗಣಿ ಸಾರಿಸಬೇಕು. ಆಮೇಲಷ್ಟೇ ಗದ್ದೆಯಿಂದ ಕೊಯ್ದ ಭತ್ತದ ಹೊರೆ ಅಂಗಳಕ್ಕೆ ಬರುವುದು. ಒಂದು ಎಳೆ ಹುಲ್ಲು ಉಳಿದರೂ ಅಜ್ಜಿಯ ಕಣ್ಣಿಗೆ ಬೀಳುತ್ತಿತ್ತು. "ಅಂಗಳದಲ್ಲಿ ಹುಲ್ಲು ಬೆಳೆಯುವುದು ಮನೆ ಪಾಳು ಬಿದ್ದಾಗ" ಎನ್ನುತ್ತಿದ್ದಳು ಆಕೆ. ಅಂಥ ಮನೆಯಲ್ಲಿ ಬೆಳೆದವನ ಕೈಗೆ ಲಾನ್ ಕೊಟ್ಟರು.

ಹುಲ್ಲಿಗೂ ಮರ್ಯಾದೆ ಇರುತ್ತದೆ ಎಂದು ನಾನು ಮೊದಲು ಕಂಡದ್ದು ಲಾಲ್‌ಬಾಗಿನಲ್ಲಿ, ಹೈಸ್ಕೂಲಿನ ಪ್ರವಾಸದಲ್ಲಿ. ಗಾಜಿನ ಮನೆಯ ಎದುರು ಹಸಿರು ಹಾಸು. ಅದರ ಮೇಲೆ ಕಾಲಿಟ್ಟರೆ ಕಾವಲುಗಾರನ ಸೀಟಿ. ಹುಲ್ಲು ತುಳಿದದ್ದಕ್ಕೆ ಬೈಸಿಕೊಳ್ಳುವುದು ಎಂಬ ವಿಚಾರವೇ ನಮಗೆ ಹೊಸದು. ಊರಿನಲ್ಲಿ ತುಳಿಯದಿದ್ದರೆ ಬೈಯುತ್ತಿದ್ದರು. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡಾದ ಮಹಾರಾಜರ ಕೆಲಸ ಮುಗಿಸಿ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕ್ರುಂಬಿಗೆಲ್ ಸಾಹೇಬರು ಈ ಲಾಲ್‌ಬಾಗನ್ನೂ ಆಮೇಲೆ ಕನ್ನಂಬಾಡಿಯ ಬೃಂದಾವನವನ್ನೂ ರೂಪಿಸಿದವರು ಎಂದು ಮೇಷ್ಟ್ರು ವಿವರಿಸುತ್ತಿದ್ದರು. ನಾವು ಮಾತ್ರ ಆ ಹುಲ್ಲನ್ನೇ ದಿಟ್ಟಿಸಿ, ಇದನ್ನು ಹೆರೆದರೆ ನಮ್ಮ ದನಕ್ಕೆ ಎಷ್ಟು ದಿನ ಆದೀತು ಎಂದು ಲೆಕ್ಕ ಹಾಕುತ್ತಿದ್ದೆವು.

ಲಾನ್ ವಹಿಸಿಕೊಂಡ ಮೊದಲ ಸಂಜೆ ಹುಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ನೋಡಿದೆ. ಹಾರಿಸ್ ಅದನ್ನು ಥಯ್ಯಿಲ್ ಎನ್ನುತ್ತಿದ್ದ, ತಂದು ಹಾಸಿದವರು ಬರ್ಮುಡಾ ಎಂದಿದ್ದರು. ನನ್ನ ಹೆಂಡತಿ ಕಿಟಕಿಯಿಂದಲೇ, "ಅದು ಗರಿಕೆ ಮಾರಾಯ್ರೆ, ಎಂತ ನೋಡ್ತಿದ್ದೀರಿ? ಸೆಪ್ಟೆಂಬರಲ್ಲಿ ಚೌತಿಗೆ ಅಲ್ಲಿಂದಲೇ ಕಿತ್ತು ತಂದದ್ದು ನಾನು," ಎಂದಳು. ಗರಿಕೆಯೇ! ಹಾರಿಸ್‌ಗೆ ಗೊತ್ತಿಲ್ಲದೆ ಇಪ್ಪತ್ತೊಂದು ಕುಡಿ ಗಣಪತಿಯ ಪಾದ ಸೇರಿತ್ತು. ಸಸ್ಯಶಾಸ್ತ್ರದವರು ಸೈನೊಡಾನ್ ಡ್ಯಾಕ್ಟಿಲಾನ್ ಎನ್ನುವುದು ಇದನ್ನೇ. ಗದ್ದೆಯ ಬದುವಿನಲ್ಲಿ ಇದರ ಬೇರು ಹಿಡಿದು ಎಳೆದು ಸೊಂಟ ಬಿಟ್ಟುಹೋದ ರೈತರೆಷ್ಟೋ. ಕಿತ್ತು ಕಲ್ಲಿನ ಮೇಲೆ ಒಣಗಲು ಹಾಕಿದರೂ ಒಂದು ಹನಿ ಬಿದ್ದರೆ ಮತ್ತೆ ಕಣ್ಣು ಬಿಡುವ ಜಾತಿ. ಊರಿನಲ್ಲಿ ಒಂದು ದಿನ ದೇವರ ತಲೆಯ ಮೇಲೆ, ಉಳಿದ ಮುನ್ನೂರ ಅರವತ್ನಾಲ್ಕು ದಿನ ಕತ್ತಿಯ ಬಾಯಲ್ಲಿ. ಇಲ್ಲಿ ನೋಡಿದರೆ ಹೆಸರು ಬದಲಿಸಿಕೊಂಡು, ಎರಡು ಹೊತ್ತು ನೀರು ಕುಡಿಯುತ್ತಾ, ತಿಂಗಳಿಗೆರಡು ಸಲ ಕ್ರಾಪು ಹೊಡೆಸಿಕೊಳ್ಳುತ್ತಾ ಸುಖವಾಗಿತ್ತು. ಗಲ್ಫಿಗೆ ಬಂದ ಮೇಲೆ ಹೀಗೆ ಬದಲಾದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇರಲಿ.

ಹುಲ್ಲಿಗೆ ಮಳೆಯಿಂದ ಏನಾದರೂ ಆದೀತು ಎಂದು ನಾನಂತೂ ನೆನೆಸಿರಲಿಲ್ಲ. ಕುವೈತಿನ ಇಡೀ ವರ್ಷದ ಮಳೆ ಸರಾಸರಿ ನೂರಹತ್ತು, ನೂರಿಪ್ಪತ್ತು ಮಿಲಿಮೀಟರ್. ಆಗುಂಬೆಯಲ್ಲಿ ಆಟಿಯ ಒಂದು ಮಧ್ಯಾಹ್ನ ಊಟ ಮುಗಿಸಿ ಏಳುವುದರೊಳಗೆ ಅಷ್ಟು ಬಿದ್ದಿರುತ್ತದೆ. ಆದರೆ ಯಜಮಾನರಿಗೆ ಅಕ್ಟೋಬರ್ ನಡುವಿನಿಂದಲೇ ಆಕಾಶ ನೋಡುವ ಚಟ. "ವಸ್ಮ್ ಶುರುವಾಗಿದೆ," ಎನ್ನುತ್ತಿದ್ದರು. ಅಕ್ಟೋಬರ್ 16ರ ಸುಮಾರಿಗೆ ತೊಡಗಿ ಐವತ್ತೆರಡು ದಿನ ನಡೆಯುವ ಮಳೆಗಾಲವಂತೆ ಇದು. ವಸ್ಮ್ ಎಂದರೆ ಒಂಟೆಗೆ ಹಾಕುವ ಬರೆ, ಗುರುತು. ಈ ಮಳೆ ಬಿದ್ದರೆ ನೆಲಕ್ಕೆ ಹಸಿರಿನ ಬರೆ ಬೀಳುತ್ತದೆ, ಆದ್ದರಿಂದ ಆ ಹೆಸರು. ಬೆರಳು ಮಡಿಚುತ್ತಾ ಅವರು ಅದರ ನಾಲ್ಕು ಭಾಗ ಎಣಿಸಿದರು: ಅವ್ವಾ, ಸಿಮಾಕ್, ಗಫ್ರ್, ಜುಬಾನಾ. ಒಂದೊಂದೂ ಹದಿಮೂರು ದಿನ, ಒಂದೊಂದಕ್ಕೂ ಒಂದು ನಕ್ಷತ್ರ.

ನನ್ನ ಕಿವಿ ನೆಟ್ಟಗಾಯಿತು. ಹದಿಮೂರು ಹದಿನಾಲ್ಕು ದಿನಕ್ಕೊಂದು ನಕ್ಷತ್ರದ ಲೆಕ್ಕದಲ್ಲಿ ಮಳೆ ಎಣಿಸುವುದು ನಮ್ಮ ರೈತರ ಕಸುಬಲ್ಲವೇ? ಹಸ್ತಾ, ಚಿತ್ತಾ, ಸ್ವಾತಿ, ವಿಶಾಖ. ಮನೆಗೆ ಬಂದು ಪಂಚಾಂಗ ತೆಗೆದು, ಫೋನಿನಲ್ಲಿ ನಕ್ಷತ್ರಗಳ ನಕ್ಷೆ ತೆಗೆದು ಕುಳಿತೆ. ಅರಬರ ಸಿಮಾಕ್ ಬೇರೆ ಯಾವುದೂ ಅಲ್ಲ, ನಮ್ಮ ಚಿತ್ತಾ ನಕ್ಷತ್ರವೇ! ನಾವು ಸೂರ್ಯ ಆ ನಕ್ಷತ್ರವನ್ನು ಹೊಕ್ಕ ದಿನದಿಂದ, ಅಕ್ಟೋಬರ್ 10ರ ಸುಮಾರಿನಿಂದ, ಚಿತ್ತಾ ಮಳೆ ಎಣಿಸುತ್ತೇವೆ. ಇವರು ಸೂರ್ಯ ಅದನ್ನು ದಾಟಿಹೋಗಿ, ನಕ್ಷತ್ರ ಮತ್ತೆ ನಸುಕಿನಲ್ಲಿ ಕಣ್ಣಿಗೆ ಬೀಳುವ ದಿನ ಹಿಡಿದು ಲೆಕ್ಕ ಹಾಕುತ್ತಾರೆ. ಹಾಗಾಗಿ ಅವರದು ತಿಂಗಳ ಕೊನೆಗೆ. ಒಂದೇ ನಕ್ಷತ್ರ ನಮ್ಮಲ್ಲಿ ಮೊದಲು ಮಳೆ ಸುರಿಸಿ, ಎರಡು ಮೂರು ವಾರ ಬಿಟ್ಟು ಇಲ್ಲಿ ಸುರಿಸುತ್ತದೆ ಅಂದ ಹಾಗಾಯಿತು. ಈ ಸಂಶೋಧನೆಯನ್ನು ಹೆಂಡತಿಗೆ ಹೇಳಿದೆ. "ಮಳೆ ಅಲ್ಲಿಂದ ಇಲ್ಲಿಗೆ ಬರ್ಲಿಕ್ಕೆ ಅದಕ್ಕೂ ವೀಸಾ ಆಗ್ಬೇಕಲ್ಲ, ಎರಡು ಮೂರು ವಾರ ಬೇಕೇ ಬೇಕು," ಎಂದಳು.

ದೀಪಾವಳಿಯ ವಾರ ಮೊದಲ ಹನಿ ಬಿತ್ತು. ಹೆಚ್ಚೇನಿಲ್ಲ, ಕಾರುಗಳ ಮೇಲಿನ ಧೂಳು ಕೆಸರಾಗುವಷ್ಟು. ಸಂಜೆ ಐದಕ್ಕೆ ಸರಿಯಾಗಿ, ಮಳೆ ಹನಿಯುತ್ತಿರುವಾಗಲೇ, ಟೈಮರ್ ಇಟ್ಟ ಸ್ಪ್ರಿಂಕ್ಲರ್ ಚಿಯ್ಯೆಂದು ಎದ್ದು ಮಳೆಗೇ ನೀರು ಹಾರಿಸತೊಡಗಿತು. ಮೇಲಿನ ಮಹಡಿಯ ಮಲಯಾಳಿ ಮಕ್ಕಳು ಬಾಲ್ಕನಿಗೆ ಬಂದು ಕೇಕೆ ಹಾಕಿದರು. ಮರ್ಯಾದೆ ಹೋಯಿತೆಂದು ನಾನು ಓಡಿಹೋಗಿ ನಲ್ಲಿ ತಿರುಗಿಸಿದೆ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಬಾಂಗ್ಲಾದೇಶದ ಮಾಲಿಯೊಬ್ಬ ಕಾಲು ಊರಿ ನಿಂತ. "ಭಾಯ್, ನೀರು ನಿಲ್ಲಿಸಬೇಡಿ," ಎಂದ ಹಿಂದಿಯಲ್ಲಿ. ಇವನೂ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಅವನು ಬಗ್ಗಿ ಹುಲ್ಲಿನ ಬುಡದ ಮಣ್ಣನ್ನು ಉಗುರಲ್ಲಿ ಕೆರೆದು ತೋರಿಸಿದ. ಬೆಳ್ಳಗೆ ಪುಡಿ. "ಉಪ್ಪು."

ವಿಷಯ ಹೀಗೆ. ಕುವೈತಿನಲ್ಲಿ ನಾವು ಕುಡಿಯುವುದು ಸಮುದ್ರದ ನೀರನ್ನು ಬಟ್ಟಿ ಇಳಿಸಿದ್ದು, 1953ರಿಂದ ನಡೆದುಬಂದ ವ್ಯವಸ್ಥೆ. ಅದನ್ನು ಹುಲ್ಲಿಗೆ ಹೊಯ್ಯುವುದೆಂದರೆ ದನಕ್ಕೆ ಹಾರ್ಲಿಕ್ಸ್ ಕುಡಿಸಿದ ಹಾಗೆ. ಗಿಡಗಳಿಗೆಂದೇ ಬೇರೆ ಕೊಳವೆಯಲ್ಲಿ ಅಂತರ್ಜಲದ ಸಪ್ಪೆ ಉಪ್ಪಿನ ನೀರು ಬರುತ್ತದೆ. ಬೇಸಿಗೆಯಿಡೀ ಆ ನೀರು ಕುಡಿದ ನೆಲದಿಂದ ನೀರಷ್ಟೇ ಆವಿಯಾಗಿ, ಉಪ್ಪು ಮೇಲ್ಗಡೆ ಕೆನೆಗಟ್ಟುತ್ತದೆ. ಜೋರು ಮಳೆಯಾದರೆ ಚಿಂತೆಯಿಲ್ಲ, ಉಪ್ಪನ್ನೆಲ್ಲ ಕರಗಿಸಿ ಬೇರಿಗಿಂತ ಕೆಳಕ್ಕೆ ತಳ್ಳಿಬಿಡುತ್ತದೆ. ತುಂತುರು ಮಳೆ ಅಪಾಯ; ಅದು ಉಪ್ಪನ್ನು ಕರಗಿಸಿ ತಂದು ಸರಿಯಾಗಿ ಬೇರಿನ ಬಾಯಿಗೆ ಇಟ್ಟು ಕೈತೊಳೆದುಕೊಳ್ಳುತ್ತದೆ. ಅದಕ್ಕೇ ಸಣ್ಣ ಮಳೆ ಬರುವಾಗ ನೀರು ಬಿಡುತ್ತಲೇ ಇರಬೇಕು. ನಾನು ನಲ್ಲಿಯನ್ನು ಮತ್ತೆ ತೆರೆದೆ. ಮಕ್ಕಳು ಮತ್ತೆ ಕೇಕೆ ಹಾಕಿದರು. ಛತ್ರಿ ಹಿಡಿದು ಹುಲ್ಲಿಗೆ ನೀರು ಬಿಡುತ್ತಿರುವ ನನ್ನ ಫೋಟೊ ಈಗಲೂ ಊರಿನ ವಾಟ್ಸಪ್ ಗುಂಪುಗಳಲ್ಲಿ ಆಗಾಗ ತಲೆಯೆತ್ತುತ್ತದೆ.

ಆ ತಿಂಗಳು ತುಂತುರಿನಲ್ಲಿ ಮುಗಿಯಲಿಲ್ಲ. ಒಂದು ಸುತ್ತು ಜೋರು ಮಳೆಗೇ ರಸ್ತೆಗಳು ಹೊಳೆಯಾಗಿ, ನವೆಂಬರ್ 9ರಂದು ಲೋಕೋಪಯೋಗಿ ಸಚಿವ ಹುಸಾಮ್ ಅಲ್ ರೂಮಿ ರಾಜೀನಾಮೆ ಕೊಟ್ಟರು. ಮಳೆ ಬಂದದ್ದಕ್ಕೆ ಮಂತ್ರಿ ಕುರ್ಚಿ ಬಿಡುವುದೆಂದರೆ ನಮ್ಮ ಕಡೆಯವರಿಗೆ ಅರ್ಥವಾಗುವ ಮಾತಲ್ಲ. ಆ ಲೆಕ್ಕದಲ್ಲಿ ನಮ್ಮಲ್ಲಿ ಪ್ರತಿ ಜೂನ್‌ಗೂ ಹೊಸ ಸಂಪುಟ ಬೇಕಾದೀತು. 14ರ ಬುಧವಾರ ರಾತ್ರಿ ಬಂದದ್ದು ನಿಜವಾದ ಮಳೆ. ಊರು ಬಿಟ್ಟ ಮೇಲೆ ಅಂಥ ಸದ್ದು ಕೇಳಿರಲಿಲ್ಲ. ದೀಪ ಆರಿಸಿ ಕಿಟಕಿಯ ಬಳಿ ಕುಳಿತೆವು. ಹೆಂಡತಿ ಹಪ್ಪಳ ಕರಿದಳು. ಹಲಸಿನ ಹಪ್ಪಳ, ಮಳೆಗೆಂದು ಊರಿನಿಂದ ತಂದು ಮಳೆಯೇ ಇಲ್ಲದೆ ಎರಡು ವರ್ಷ ಡಬ್ಬಿಯಲ್ಲಿ ಕುಳಿತಿದ್ದದ್ದು. ಎಷ್ಟೋ ಹೊತ್ತಿನ ಮೇಲೆ ಏನೋ ಕೊರತೆಯಾಗಿದೆ ಅನ್ನಿಸಿತು. ವಿಮಾನದ ಸದ್ದಿಲ್ಲ! ವಿಮಾನ ನಿಲ್ದಾಣ ಮುಚ್ಚಿ, ಬರುವ ವಿಮಾನಗಳನ್ನು ನೆರೆದೇಶಗಳಿಗೆ ತಿರುಗಿಸಿದ್ದರು. ಖೈತಾನಿನ ಆಕಾಶ ಅಷ್ಟು ಮೌನವಾಗಿದ್ದದ್ದನ್ನು ನಾನು ಅಲ್ಲಿಯ ತನಕ ಕಂಡದ್ದು ಅದೊಂದೇ ರಾತ್ರಿ.

ಗುರುವಾರ ಸರ್ಕಾರಿ ಕಚೇರಿಗೂ ಶಾಲೆಗೂ ರಜೆ. ಬೆಳಿಗ್ಗೆ ಬಾಗಿಲು ತೆರೆದರೆ ಲಾನ್ ಇಲ್ಲ. ಅದರ ಜಾಗದಲ್ಲಿ ಹಾಲು ಹೆಚ್ಚಾದ ಚಹಾದ ಬಣ್ಣದ ಕೆರೆ. ಅದರಲ್ಲಿ ತೇಲುವ ಪೆಪ್ಸಿ ಡಬ್ಬಿ, ಖುಬ್ಬೂಸ್ ರೊಟ್ಟಿಯ ಪ್ಲಾಸ್ಟಿಕ್ ಚೀಲ, ಯಾರದೋ ಒಂದು ಚಪ್ಪಲಿ. ನಾನು ಮುಂಡು ಎತ್ತಿ ಕಟ್ಟಿ ಇಳಿದೆ. ಕರಾವಳಿಯವನ ಮುಂದೆ ನೀರಿನ ಆಟವೇ? ಉದ್ದ ಹಿಡಿಯ ರಬ್ಬರಿನ ಒರೆಸುಕೋಲು ಹಿಡಿದು ನೀರನ್ನು ರಸ್ತೆಗೆ ತಳ್ಳುತ್ತಾ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಒಂದು ಗಂಟೆ ನಡೆದೆ. ಗದ್ದೆಯಲ್ಲಿ ನೇಜಿ ನೆಡಲು ಇಳಿದ ಹಾಗೆ ಕಾಲು ಹಿಮ್ಮಡಿಯವರೆಗೂ ಹೂತುಹೋಗುತ್ತಿತ್ತು, ಬಲು ಸುಖ. ಊರಿನಲ್ಲಿ ನೀರು ಕಡಿಯಲು ಗುದ್ದಲಿ ಹಿಡಿದು ಹೋಗುತ್ತಿದ್ದ ಅಪ್ಪಯ್ಯನ ನಡಿಗೆಯೇ ನನಗೂ ಬಂದುಬಿಟ್ಟಿತ್ತು.

ಅದೇ ನಾನು ಮಾಡಿದ ತಪ್ಪು. ಮಳೆಗೆ ಮೆತ್ತಗಾದ ಲಾನಿನ ಮೇಲೆ ಕಾಲಿಡಬಾರದು. ಒದ್ದೆ ಮಣ್ಣನ್ನು ತುಳಿದರೆ ಅದರೊಳಗಿನ ಗಾಳಿಯ ಸಂದುಗಳೆಲ್ಲ ಮುಚ್ಚಿ, ಬೇರಿಗೆ ಉಸಿರು ಕಟ್ಟುತ್ತದೆ. ನೀರು ನಿಂತು ಆಗುವ ಹಾನಿಗಿಂತ ನಿಂತ ನೀರನ್ನು ತೆಗೆಯಲು ಹೋದವನ ಕಾಲಿನಿಂದಾಗುವ ಹಾನಿ ಹೆಚ್ಚು. ಲಾಲ್‌ಬಾಗಿನ ಕಾವಲುಗಾರ ಸೀಟಿ ಊದಿದ್ದಕ್ಕೂ ಹೀಗೊಂದು ಅರ್ಥ ಇದ್ದೀತು ಎಂದು ಮೂವತ್ತು ವರ್ಷ ಕಳೆದು ಹೊಳೆಯಿತು.

ಯಜಮಾನರು ಸಂಜೆ ಬಂದರು. ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅವರೋ ಕೆಸರಿನ ಅಂಚಿನಲ್ಲಿ ನಿಂತು, ಒದ್ದೆ ಮಣ್ಣಿನ ವಾಸನೆ ಎಳೆದುಕೊಂಡು, "ಅಲ್‌ಹಮ್ದುಲಿಲ್ಲಾ," ಎಂದರು. ಆಮೇಲೆ 1934ರ ಕತೆ ತೆಗೆದರು. ಕುವೈತಿನವರು ಆ ವರ್ಷಕ್ಕೆ ಸನತ್ ಅಲ್ ಹದಾಮಾ, ಮನೆ ಕುಸಿದ ವರ್ಷ ಎನ್ನುತ್ತಾರೆ. ಆಗಿನ ಮನೆಗಳ ಗೋಡೆ ಮಣ್ಣು ಮತ್ತು ಸಮುದ್ರದ ಕಲ್ಲು; ಮಾಡು ಆಫ್ರಿಕಾದಿಂದ ತಂದ ಕಾಂಡ್ಲಾ ಮರದ ಕೋಲುಗಳ ಮೇಲೆ ಚಾಪೆ ಹಾಸಿ ಮಣ್ಣು ಮೆತ್ತಿದ್ದು. ಒಂದು ಡಿಸೆಂಬರಿನ ಮಳೆಗೆ ಅಂಥ ಮನೆಗಳು ಸಾಲುಸಾಲಾಗಿ ಕರಗಿ ಕುಳಿತವು. ಇವರ ಅಜ್ಜನ ಮನೆಯೂ ಹೋಯಿತಂತೆ. "ಅಜ್ಜ ಅಳಲಿಲ್ಲ. ಮಂಗಲೂರಿನಲ್ಲಿ ಇಂಥ ಮಳೆ ದಿನಾ ಬರುತ್ತದೆ, ಅಲ್ಲಿಯ ಜನ ಸತ್ತುಹೋಗಿದ್ದಾರೆಯೇ ಎಂದು ಕೇಳಿದರಂತೆ," ಎಂದು ನಕ್ಕರು. ಅಲ್ಲಿಯ ಜನ ಮಳೆಗಾಲಕ್ಕೆ ಮುಂಚೆ ಮಾಡು ಹೊದೆಸುತ್ತಾರೆ ಎಂಬ ಮಾತು ನನ್ನ ನಾಲಗೆಯ ತುದಿಯಲ್ಲಿತ್ತು. ನುಂಗಿಕೊಂಡೆ.

ಇಷ್ಟು ಮಳೆಗೆ ನೀರು ಇಂಗದೆ ನಿಲ್ಲುವುದೇಕೆ, ಇದು ಮರಳುಗಾಡಲ್ಲವೇ ಎಂದು ಅವರನ್ನೇ ಕೇಳಿದೆ. ಮರಳು ಮೇಲಷ್ಟೇ, ಕೆಳಗೆ ಗಚ್ ಇದೆ ಎಂದರು. ಸುಣ್ಣದಂಶ ಸೇರಿ ಸಿಮೆಂಟಿನಂತೆ ಬಿಗಿದ ಗಟ್ಟಿ ಪದರ. ನೀರು ಅದರ ತನಕ ಇಳಿದು ಅಲ್ಲೇ ಕುಳಿತುಬಿಡುತ್ತದೆ. ಗಚ್! ನಮ್ಮ ಅಜ್ಜಂದಿರು ತಾರಸಿಗೆ, ತೊಟ್ಟಿಗೆ ಬಳಿಯುತ್ತಿದ್ದ ಗಚ್ಚು. ಪಾರಸಿಯಿಂದ ಹೊರಟ ಒಂದೇ ಪದ ಕಡಲು ದಾಟಿ ನಮ್ಮಲ್ಲಿ ಗಾರೆಯ ಜೊತೆ ಸೇರಿ ಗಚ್ಚುಗಾರೆಯಾಯಿತು, ಇಲ್ಲಿ ನೆಲದಡಿಯ ಕಲ್ಲಾಯಿತು. ಕುವೈತಿಗೆ ದೇವರೇ ಗಚ್ಚು ಹಾಕಿ ಕೊಟ್ಟಿದ್ದಾನೆ ಎಂದಾಯಿತಲ್ಲ. ತೂತು ಮಾತ್ರ ಇಡಲು ಮರೆತಿದ್ದಾನೆ.

ಶುಕ್ರವಾರ ಸೈಕಲ್ಲಿನ ಭಾಯಿಯನ್ನು ಹುಡುಕಿ ತಂದೆ. ದಾರಿಯಲ್ಲಿ ಕಾರಿನ ಗಾಜಿಗೆ ಟಣ್ ಎಂದು ಕಲ್ಲು ಬಡಿಯಿತು. ಮಳೆಗೆ ಡಾಮರು ಬಿಟ್ಟು ಜಲ್ಲಿ ಮೇಲೆದ್ದು, ಆ ದಿನಗಳಲ್ಲಿ ಕುವೈತಿನ ರಸ್ತೆಗಳಲ್ಲಿ ಕವಣೆಕಲ್ಲಿನ ಯುದ್ಧವೇ ನಡೆದಿತ್ತು. ಭಾಯಿ ಬಂದವನು ಲಾನಿಗೆ ಕಾಲಿಡದೆ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ನನ್ನ ಹೆಜ್ಜೆಗುರುತುಗಳನ್ನು ಎಣಿಸುವಂತೆ ನೋಡಿದ. "ಒಂಟೆ ಬಂದಿತ್ತೇ?" ಎಂದು ಕೇಳಿದ.

ಅವನ ಚಿಕಿತ್ಸೆಯಲ್ಲಿ ಅರ್ಧಕ್ಕರ್ಧ ಸುಮ್ಮನೆ ಕೂರುವುದೇ ಇತ್ತು. ಕಾಲಿಟ್ಟರೆ ನೀರು ಜಿನುಗದ ತನಕ ಯಾರೂ ಇಳಿಯಬಾರದು. ಕಸವನ್ನು ಅಂಚಿನಿಂದಲೇ ಕೋಲಿನಲ್ಲಿ ಎಳೆದುಕೊಳ್ಳಬೇಕು. ಟೈಮರ್ ಬಂದ್. ನಾಲ್ಕು ದಿನ ಬಿಟ್ಟು ನೋಡಿದರೆ ನೀರು ಹೋಗಿತ್ತು, ಆದರೆ ಅದು ಹೊತ್ತು ತಂದ ನುಣ್ಣನೆ ಧೂಳು, ಬೇಸಿಗೆಯಿಡೀ ಗುಬಾರ್ ಗಾಳಿಯಲ್ಲಿ ಊರೆಲ್ಲ ಸುತ್ತಿದ ಮಣ್ಣು, ಹುಲ್ಲಿನ ಮೇಲೆ ದೋಸೆಯಂತೆ ಹೊಪ್ಪಳೆ ಕಟ್ಟಿ ಒಣಗಿ ಬಿರುಕು ಬಿಟ್ಟಿತ್ತು. ಅದನ್ನು ಕೈಯಿಂದ ಮುರಿದು ತೆಗೆಯಬೇಕು. ಇಲ್ಲದಿದ್ದರೆ ಅಡಿಯ ಹುಲ್ಲು ಬೆಳಕಿಲ್ಲದೆ ಕೊಳೆಯುತ್ತದೆ. ನಾನೂ ಹೆಂಡತಿಯೂ ಮಣೆ ಹಾಕಿ ಕುಳಿತು ಕಿತ್ತೆವು. ಕುಳಿತ ಭಂಗಿ ನೂರಕ್ಕೆ ನೂರು ಊರಿನಲ್ಲಿ ಹುಲ್ಲು ಹೆರೆಯುವ ಭಂಗಿಯೇ. ಅಭ್ಯಾಸಬಲದಿಂದ ಎರಡು ಸಲ ನನ್ನ ಕೈ ಹುಲ್ಲಿನ ಬುಡಕ್ಕೂ ಹೋಯಿತು.

ಆಮೇಲೆ ನೆಲಕ್ಕೆ ತೂತು ಕೊರೆಯುವ ಕೆಲಸ. ಗಾಳಿಯಾಡಲು ಗೇಣಿಗೊಂದರಂತೆ ನಾಲ್ಕು ಬೆರಳು ಆಳದ ತೂತು ಹಾಕಿ, ಅದರೊಳಗೆ ಮರಳು ತುಂಬಬೇಕು. ಅದಕ್ಕೆಂದೇ ಮುಳ್ಳುಗಳಿರುವ ಸಲಕರಣೆ ಸಿಗುತ್ತದಂತೆ. ನಮಗೆ ಸಿಕ್ಕಿದ್ದು ಹಾರಿಸ್‌ನ ಕೋಣೆಯ ಹೊರಗಿದ್ದ ಕಬಾಬ್ ಸುಡುವ ಕಂಬಿಗಳು. ಮೂವತ್ತು ಅಡಿ ಲಾನಿಗೆ ಗೇಣಿಗೊಂದು ತೂತು ಎಂದರೆ ಎಷ್ಟಾಯಿತು ಎಂದು ಲೆಕ್ಕ ಬರೆಯುವವನಾಗಿ ನಾನು ಕೂಡಿಸಿದೆ: ಏಳುನೂರರ ಹತ್ತಿರ. ಸೊಂಟ ಲೆಕ್ಕ ತಪ್ಪಿದ್ದು ಇನ್ನೂರಕ್ಕೇ.

ಇಷ್ಟಾದ ಮೇಲೂ ಹುಲ್ಲು ಕಾಮಾಲೆ ಹಿಡಿದಂತೆ ಹಳದಿಯಾಯಿತು. ಭಾಯಿ ಹೆದರಲಿಲ್ಲ. ಮಳೆ ಉಪ್ಪಿನ ಜೊತೆಗೆ ಸಾರಜನಕವನ್ನೂ ಕೆಳಕ್ಕೆ ತೊಳೆದುಕೊಂಡು ಹೋಗಿತ್ತು, ಬೇರು ಸುಸ್ತಾಗಿತ್ತು. ಎರಡು ವಾರ ಕಳೆದು ಪಾಯಸಕ್ಕೆ ಉಪ್ಪು ಹಾಕಿದಷ್ಟು ಯೂರಿಯಾ ಉದುರಿಸಿ ನೀರು ಹೊಡೆದ. ಕತ್ತರಿಸುವ ಯಂತ್ರ ಮುಟ್ಟಲು ಬಿಟ್ಟದ್ದು ಹುಲ್ಲು ಪೂರ್ತಿ ಒಣಗಿ ನೆಟ್ಟಗೆ ನಿಂತ ಮೇಲೆ, ಅದೂ ಎತ್ತರದ ಮೂರರಲ್ಲಿ ಒಂದು ಪಾಲು ಮಾತ್ರ. "ಕಾಯಿಲೆಯಿಂದ ಎದ್ದವನ ತಲೆ ಬೋಳಿಸುತ್ತಾರೆಯೇ ಭಾಯ್?" ಎಂದ. ನಮ್ಮಲ್ಲಿ ಬೋಳಿಸುತ್ತಾರೆ, ತಿರುಪತಿಗೆ ಹರಕೆ ಇದ್ದರೆ. ಅದನ್ನು ಅವನಿಗೆ ವಿವರಿಸಲು ನನ್ನ ಹಿಂದಿ ಸಾಲಲಿಲ್ಲ.

ಈ ನಡುವೆ ಒಂದು ಭಾನುವಾರ ಅಮ್ಮನಿಗೆ ಫೋನ್ ಮಾಡಿದ್ದೆ. ಊರಿನಲ್ಲಿ ಅಂಗಳದ ಹುಲ್ಲು ಹೆರೆಸಲು ಜನ ಸಿಗದೆ ಅವಳು ರೋಸಿಹೋಗಿದ್ದಳು. ಪೇಟೆಯಿಂದ ಯಂತ್ರ ತಂದವನೊಬ್ಬ ಗಂಟೆಯ ಲೆಕ್ಕದಲ್ಲಿ ದುಡ್ಡು ಎಣಿಸಿಕೊಂಡು, ತುಳಸಿಕಟ್ಟೆಯ ಸುತ್ತ ಬಿಟ್ಟು ಹೋಗಿದ್ದನಂತೆ. ನಾನು ಇಲ್ಲಿಯ ಪ್ರತಾಪವನ್ನೆಲ್ಲ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಎಂತ ಮಾಣಿ, ಹುಲ್ಲು ಸಾಕುಕೆ ನಿನ್ನ ಅಷ್ಟು ದೂರ ಕಳ್ಸದ್ದಾ?" ಎಂದಳು. "ಸಂಬ್ಳ ಎಷ್ಟ್ ಕೊಡ್ತ್ರ್?"

ಸಂಬಳ ಇಲ್ಲ, ಯಜಮಾನರು ಹೇಳಿದ್ದಕ್ಕೆ ಮಾಡುವುದು ಎಂದೆ.

"ಹಾಂಗಾರೆ ಇಲ್ಲಿಗೇ ಬಾ. ಇಲ್ಲಿಯೂ ಸಂಬ್ಳ ಇಲ್ಲೆ."

ಡಿಸೆಂಬರಿನಲ್ಲಿ ಲಾನಿನ ಮೂಲೆಯಲ್ಲಿ ಅಣಬೆ ಎದ್ದವು. ಬಿಳಿ ಛತ್ರಿಯ ಸಾಲು. ಹೆಂಡತಿಯ ಕಣ್ಣು ಅರಳಿತು. ನಮ್ಮ ಕಡೆ ಮೊದಲ ಗುಡುಗಿಗೆ ನೆಲದೊಳಗಿಂದ ಉಬ್ಬಿ ಬರುವ ಕಲ್ಲಣಬೆಗೆ ಆಡುಮಾಂಸದ ಬೆಲೆ. ಇವು ಅವಲ್ಲ, ಕೊಳೆತ ಬೇರಿನ ಮೇಲೆ ಎದ್ದವು, ತಿಂದರೆ ಆಸ್ಪತ್ರೆಯೇ ಎಂದು ಭಾಯಿ ಕೈಯಲ್ಲಿದ್ದುದನ್ನು ಬಿಸಾಡಿಸಿದ. ಲಾನಿಗೇನೂ ತೊಂದರೆಯಿಲ್ಲ, ತಾವಾಗಿ ಬಾಡಿಹೋಗುತ್ತವೆ ಎಂದ. ತಿನ್ನುವ ಜಾತಿ ಬೇಕಾದರೆ ಫಗಾ ಬರುವವರೆಗೆ ಕಾಯಬೇಕಂತೆ. ವಸ್ಮ್ ಮಳೆ ಹೊತ್ತಿಗೆ ಸರಿಯಾಗಿ ಬಿದ್ದ ವರ್ಷ, ಚಳಿ ಕಳೆಯುವ ಹೊತ್ತಿಗೆ ಮರುಭೂಮಿಯ ನೆಲ ಅಲ್ಲಲ್ಲಿ ಬಿರಿದು, ಒಳಗೆ ಆಲೂಗಡ್ಡೆಯಂಥ ಅಣಬೆ. ಇಲ್ಲಿಯವರೂ ಅದನ್ನು ಗುಡುಗು ಮಿಂಚಿನ ಮಗು ಎಂದೇ ನಂಬುತ್ತಾರೆ. ಯಜಮಾನರು ಫೆಬ್ರವರಿಯಲ್ಲಿ ಒಂದು ಬಟ್ಟಲು ತಂದುಕೊಟ್ಟರು. ಹೆಂಡತಿ ಕಲ್ಲಣಬೆಗೆ ಅರೆಯುವ ಮಸಾಲೆಯನ್ನೇ ಅರೆದು ಸುಕ್ಕ ಮಾಡಿದಳು. ರುಚಿ ಹೆಚ್ಚುಕಮ್ಮಿ ಅದೇ. ಹಲ್ಲಿಗೆ ಸಿಕ್ಕಿದ ಮರಳು ಮಾತ್ರ ಕುವೈತಿನದ್ದು.

ಹಾರಿಸ್ ಹೊಸ ವರ್ಷದ ವಾರ ವಾಪಸು ಬಂದ. ಚೀಲ ಇಳಿಸುವ ಮೊದಲೇ ಲಾನಿನ ಹತ್ತಿರ ನಿಂತ. ಹುಲ್ಲು ಅಷ್ಟು ಹೊತ್ತಿಗೆ ಚಳಿಗೆ ಸ್ವಲ್ಪ ಮಂಕಾಗಿತ್ತು, ಆದರೆ ಜೀವಂತವಾಗಿತ್ತು. ನಾನು ಎದೆಯುಬ್ಬಿಸಿ ಬಾಗಿಲಲ್ಲಿ ನಿಂತೆ. ಅವನು ಒಂದೂ ಮಾತಾಡದೆ ಬೆರಳು ತೋರಿಸಿದ. ಮಳೆಯ ಮರುದಿನ ನಾನು ನೀರು ತಳ್ಳುತ್ತಾ ತುಳಿದ ಗುಳಿಗಳು ಅಲ್ಲೇ ಗಟ್ಟಿಯಾಗಿ ಉಳಿದಿದ್ದವು. ಭಾಯಿ ತೂತು ಹಾಕಿ ಮರಳು ತುಂಬಿದ್ದೂ, ಸ್ಪ್ರಿಂಕ್ಲರ್ ನೀರು ಹರಿದು ಬಂದು ನಿಂತದ್ದೂ, ಯೂರಿಯಾ ತೊಳೆದು ಬಂದು ಸೇರಿದ್ದೂ ಆ ಗುಳಿಗಳಲ್ಲೇ ಹೆಚ್ಚು. ಮಂಕಾದ ಲಾನಿನ ನಡುವೆ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ, ಒಂಬತ್ತನೇ ನಂಬರಿನ ಪಾದಗಳು ಪಚ್ಚೆ ಹಸಿರಾಗಿ ನಡೆದುಹೋಗಿದ್ದವು.

"ಯಾರಿದು?" ಎಂದು ಕೇಳಿದ ಹಾರಿಸ್.

"ವಸ್ಮ್," ಎಂದೆ.